ತೆಗೆದುಹಾಕಿದ ಮೇಲೆಯೂ ಕಾವಲೇಕೆ?

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕು ನಮ್ಮ ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಮಗ್ಗುಲಿಗೆ ಗದ್ದೆಯ ಬಯಲು, ನಡುವೆ ಸುವರ್ಣಾವತಿ ಹೊಳೆ. ಅಗರ, ಮಾಂಬಳ್ಳಿ, ಗುಂಬಳ್ಳಿ ಮೊದಲಾದ ಗ್ರಾಮಗಳು ಈ ತಾಲ್ಲೂಕಿಗೆ ಸೇರಿದವು. ೧೯೮೦ರ ದಶಕದಲ್ಲಿ ಇಲ್ಲಿ ಕುಷ್ಠರೋಗದ ಹಾವಳಿ ಬಹಳವಾಗಿದ್ದಿತು. ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ಕರುಣಾ ಟ್ರಸ್ಟಿನ ಕೆಲಸ ಈ ತಾಲ್ಲೂಕಿನಲ್ಲಿ ಮೊದಲಾದುದು ಆ ರೋಗದ ನಿವಾರಣೆಗಾಗಿಯೇ. ೧೯೯೬ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರವು ಇದೇ ಸಂಸ್ಥೆಗೆ ವಹಿಸಿಕೊಟ್ಟಿತು. ಕುಷ್ಠರೋಗಕ್ಕೆ ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಆ ದಶಕದ ಆರಂಭದಲ್ಲಿ ಗೊತ್ತುಮಾಡಿದಾಗ ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಿತು: ಔಷಧಿ ಮುಗಿದ ಮೇಲೆಯೂ ರೋಗಾಣು ಕಡಮೆಯಿದ್ದವರನ್ನು ೨ ವರ್ಷ, ಹೆಚ್ಚಾಗಿದ್ದವರನ್ನು ೫ ವರ್ಷ, ವರ್ಷಕ್ಕೊಮ್ಮೆ ಪರೀಕ್ಷಿಸುತ್ತಿರಬೇಕು.

ವಾಸಿಯಾದವನನ್ನು ಮತ್ತೇಕೆ ಪರೀಕ್ಷಿಸಬೇಕು? ಈ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವೂ ಸರಳ. ಸಂಪೂರ್ಣವಾಗಿ ತೆಗೆದುಹಾಕಿದ್ದೇವೆಂದು ನಾವು ಹೇಳುವುದಕ್ಕೂ, ಸಂಪೂರ್ಣವಾಗಿ ತೆಗೆದುಹಾಕಿರುವುದಕ್ಕೂ ಸ್ವಲ್ಪ ಅಂತರವುಂಟು. ಇದೇ ಪ್ರಶ್ನೆ, ಇದೇ ಅಂತರ, ಬೇರೆಯೇ ಆದ ಒಂದು ರೋಗದ ವಿಷಯದಲ್ಲಿ ಈಗ ನಮ್ಮೆದುರಿಗೆ ಬಂದಿದೆ. ಸ್ತನದ ಏಡಿಗಂತಿ, ಎಂದರೆ ಕ್ಯಾನ್ಸರ್, ಬಾರದಿರಲೆಂದು ಮುಂಜಾಗ್ರತೆಯಾಗಿ ಎರಡು ಸ್ತನಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡವರು ಇದ್ದಾರೆ. ಅಂಥವರು ಮುಂದೆಯೂ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕೆ? ಬೇಕಾದರೆ ಯಾವ ಪರೀಕ್ಷೆ? ಬೇಡವಾದರೆ ಏಕೆ ಬೇಡ?

ವಿಷಯವು ಕಣ್ಣಿಗೆ ಕಟ್ಟುವಂತಾಗಲು ಅಗರ ಗ್ರಾಮದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳೋಣ. (ಈಕೆ ಕೇವಲ ಕಲ್ಪನೆಯವಳು, ಗ್ರಾಮದಲ್ಲಿ ಹುಡುಕಬೇಕಾದುದಿಲ್ಲ.) ಈಕೆಯ ಸೋದರತ್ತೆ ಚಿಕ್ಕ ವಯಸ್ಸಿನಲ್ಲಿಯೇ ಸ್ತನದ ಏಡಿಗಂತಿಯಿಂದ ತೀರಿಕೊಂಡರು. ಬಳಿಕ ಅಕ್ಕನಿಗೂ ಅದೇ ರೋಗ ಬಂದಿತು. ಅಕ್ಕನ ರಕ್ತವನ್ನು ಪರೀಕ್ಷಿಸಿದಾಗ ವಂಶದಲ್ಲಿ ಇಳಿದುಬಂದ ದೋಷವೊಂದು ಕಂಡುಬಂದಿತು. ಈಕೆಯಲ್ಲಿಯೂ ಅದು ಇರುವುದು ಗೊತ್ತಾಯಿತು. ರೋಗವಿನ್ನೂ ಬಂದಿಲ್ಲ, ಆದರೆ ಬರುವ ಸಂಭವ ಹೆಚ್ಚು. ಬಹಳ ದಿನ ಯೋಚಿಸಿ, ಮನೆಯವರೊಡನೆ ಮಾತನಾಡಿ, ಈಕೆ ಎರಡು ಸ್ತನಗಳನ್ನೂ ತೆಗೆಸಿಕೊಂಡು ಊರಿಗೆ ಹಿಂದಿರುಗಿದಳು. ವರ್ಷ ಕಳೆದ ಮೇಲೆ ಮತ್ತೆ ಆಸ್ಪತ್ರೆಗೆ ಹೊರಟಾಗ ನೆರೆಮನೆಯ ಅಜ್ಜಿ ಕೇಳುತ್ತಾರೆ: "ಇದ್ದುದನ್ನೇ ತೆಗೆಸಿಬಿಟ್ಟ ಮೇಲೆ ಇನ್ನು ಏನನ್ನವ್ವ ತೋರಿಸೋದು?"

ಅಜ್ಜಿಯ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವಂತಿಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಪ್ರಾರಂಭಿಸಬೇಕು.

ಮೆದುಳಿನಲ್ಲಿ ಮಾತಿನ ಕೇಂದ್ರವನ್ನು ಗುರುತಿಸಿದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾನ ಹೆಸರನ್ನು ವಿದ್ಯಾರ್ಥಿಗಳು ಕೇಳಿರಬಹುದು. ಈತ ೧೮೬೬ರಲ್ಲಿ ತನ್ನ ಹೆಂಡತಿಯ ವಂಶವೃಕ್ಷವನ್ನು ಪ್ರಕಟಿಸಿದ. ಆ ಮನೆತನದ ಹೆಂಗಸರಲ್ಲಿ ತಲೆಮಾರಿನಿಂದ ತಲೆಮಾರಿಗೆ ಸ್ತನದ ಏಡಿಗಂತಿ ಕಾಣಿಸಿಕೊಳ್ಳುತ್ತ ಬಂದಿದ್ದಿತು. ಬಟಾಣಿ ಗಿಡಗಳ ಮೇಲಿನ ಪ್ರಯೋಗಗಳಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಮೆಂಡೆಲನ ಪ್ರಬಂಧ ಅಚ್ಚಾದುದೂ ಅದೇ ೧೮೬೬ರಲ್ಲಿ. ಒಬ್ಬನ ಕೈಯಲ್ಲಿ ಬೀಗ, ಇನ್ನೊಬ್ಬನ ಕೈಯಲ್ಲಿ ಬೀಗದ ಕೈ! ಎರಡೂ ಒಂದಕ್ಕೊಂದು ಕೂಡಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ೧೯೯೦ರಲ್ಲಿ ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ, ಇಂಥ ಕುಟುಂಬಗಳ ರೋಗಕ್ಕೆ ಕಾರಣವಾದ ಜೀನ್ ಒಂದು ೧೭ನೆಯ ವರ್ಣತಂತುವಿನ ಮೇಲೆ ಇದೆಯೆಂದು ತೋರಿಸಿಕೊಟ್ಟರು. ೧೯೯೪ರಲ್ಲಿ ಆ ಜೀನನ್ನು ಪ್ರತ್ಯೇಕಿಸಿದ್ದಾಯಿತು. ಅದಕ್ಕೆ ಬಿಆರ್‌ಸಿಎ-೧ ಎಂದು ಹೆಸರು. ಮರುವರ್ಷ, ೧೩ನೆಯ ವರ್ಣತಂತುವಿನ ಮೇಲಿರುವ ಬಿಆರ್‌ಸಿಎ-೨ ದೊರೆಯಿತು. ಈ ಜೀನುಗಳ ಮೇಲೆ ಖಾಸಗಿ ಕಂಪೆನಿಯೊಂದು ಪಡೆದಿದ್ದ ಏಕಸ್ವಾಮ್ಯದ ಹಕ್ಕು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ನಿಸರ್ಗದಲ್ಲಿರುವ ಜೀನನ್ನು ಯಾರೂ ತಮ್ಮ ಸ್ವತ್ತೆನ್ನಲಾಗದು ಎಂದು ೨೦೧೩ರಲ್ಲಿ ತೀರ್ಪಾಯಿತು. ಅದು ನ್ಯಾಯವಾದ ತೀರ್ಪೆಂದೇ ನಮ್ಮ ಅಭಿಪ್ರಾಯ.

ಈ ಜೀನುಗಳು ರೋಗವನ್ನು ತರುವುವೆಂದು ತಿಳಿಯುವುದು ತಪ್ಪು. ಅವು ಇರುವುದು ರಕ್ಷಣೆಗಾಗಿಯೇ. ಜೀವಕೋಶದೊಳಗಿನ ಡಿಎನ್‌ಎ ಎಂಬ ಜೋಡಿ ಎಳೆ ಅಡ್ಡಲಾಗಿ ತುಂಡಾದಾಗ ಅದನ್ನು ಸರಿಯಾಗಿ ಹೊಸೆದು ಜೋಡಿಸುವ ಕೆಲಸದಲ್ಲಿ ಇವುಗಳಿಂದ ಹುಟ್ಟುವ ಪ್ರೋಟೀನುಗಳು ಭಾಗಿಗಳು. ರೇಷ್ಮೆ ಬಿಚ್ಚಾಣಿಕೆಯನ್ನು ನೋಡಿದ ಕೊಳ್ಳೇಗಾಲದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ: ನೂಲು ಕಡಿದಾಗ ಗಂಟು ಹಾಕುವ ಕೈ ಚುರುಕಾಗಿರಬೇಕು; ಆ ಕೈ ಸೋತರೆ ಲಡಿಯೆಲ್ಲ ಕೆಡುತ್ತದೆ. ಪ್ರತಿಯೊಂದು ಜೀನಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಬಾಳಿನ ಯಾವುದೋ ಒಂದು ದಿನ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟರೆ ಅಲ್ಲಿಂದ ಮುಂದೆ ಆ ಕೋಶದಲ್ಲಿ ತಪ್ಪುಗಳು ಕೂಡುತ್ತ ಹೋಗುತ್ತವೆ. ಏಡಿಗಂತಿಗೆ ಹೀಗೆ ಎರಡು ಪೆಟ್ಟು ಬೀಳಬೇಕೆಂಬುದನ್ನು ಮಕ್ಕಳ ಕಣ್ಣಿನ ಗಂತಿಯ ವಿಷಯದಲ್ಲಿ ಆಲ್ಫ್ರೆಡ್ ನಡ್ಸನ್ ೧೯೭೧ರಲ್ಲಿ ಊಹಿಸಿ ಹೇಳಿದ್ದನು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಕುಡುಗೋಲು ಕಣದ ರೋಗದೊಡನೆ ಇದನ್ನು ಹೋಲಿಸಿದರೆ ಒಂದು ವ್ಯತ್ಯಾಸ ಹೊಳೆಯುತ್ತದೆ. ಕುಡುಗೋಲು ಕಣದ ರೋಗ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬರಬೇಕು. ಬಿಆರ್‌ಸಿಎ ದೋಷ ಹಾಗಲ್ಲ. ಒಬ್ಬರಿಂದ ಬಂದರೂ ಅಪಾಯವುಂಟು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಸ್ತನದ ರೋಗವೆಂದ ಮಾತ್ರಕ್ಕೆ ತಾಯಿಯ ಕಡೆಯನ್ನಷ್ಟೇ ವಿಚಾರಿಸುವುದೂ ಸರಿಯಲ್ಲ. ನಮ್ಮ ಅಗರದ ಹೆಣ್ಣುಮಗಳಿಗೆ ಅದು ಸೋದರತ್ತೆಯ ಮನೆತನದಿಂದ, ಎಂದರೆ ತಂದೆಯ ಮೂಲಕ, ಬಂದುದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ನಮ್ಮ ಸೀಮೆಯಲ್ಲಿ ಮತ್ತೊಂದು ವಿಷಯವನ್ನೂ ನೆನಪಿಡಬೇಕು: ಬಿಆರ್‌ಸಿಎ-೨ರ ದೋಷ ಗಂಡಹೆಂಡಿರಿಬ್ಬರಲ್ಲಿಯೂ ಇದ್ದು, ಮಗುವಿಗೆ ಎರಡು ಕಡೆಯಿಂದಲೂ ಬಂದರೆ, ಫ್ಯಾಂಕೋನಿ ರಕ್ತಹೀನತೆಯೆಂಬ ಬೇರೆಯೇ ಆದ ತೀವ್ರ ರೋಗ ಶೈಶವದಲ್ಲಿಯೇ ತೋರಬಹುದು.

ಇಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ೧೯೭೩ರಲ್ಲಿ ಸ್ಥಾಪನೆಯಾಯಿತು. ನಗರದಲ್ಲಿ ಯಾರಿಗೆ ಯಾವ ಏಡಿಗಂತಿ ಬರುತ್ತಿದೆಯೆಂದು ಲೆಕ್ಕವಿಡುವ ನೋಂದಣಿ ೧೯೮೨ರಿಂದ ನಡೆದುಬಂದಿದೆ. ಮೊದಲು ಹೆಂಗಸರಲ್ಲಿ ಗರ್ಭಕೊರಳಿನ ಏಡಿಗಂತಿಯೇ ಹೆಚ್ಚಾಗಿದ್ದು, ಬರಬರುತ್ತ ಸ್ತನದ್ದು ಮುಂದಾಗಿರುವುದು ಆ ಲೆಕ್ಕದಿಂದ ತಿಳಿದುಬಂದಿದೆ. ಆದರೆ ಸ್ತನದ ಏಡಿಗಂತಿಯ ನೂರು ರೋಗಿಗಳಲ್ಲಿ ಇಂಥ ವಂಶದ ದೋಷದಿಂದ ಆದವರು ಸುಮಾರು ೫ರಿಂದ ೧೦ ಮಂದಿ ಮಾತ್ರ. ಉಳಿದವರ ಮಕ್ಕಳು, ತಂಗಿಯರು ಶಸ್ತ್ರಕ್ರಿಯೆಯ ಯೋಚನೆಯನ್ನೇ ಮಾಡಬೇಕಾದುದಿಲ್ಲ.

ದೋಷವಿರುವವರಿಗೆ ಅಪಾಯವೆಷ್ಟು? ೨೦೧೭ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಂತೆ, ೮೦ ವರ್ಷ ತುಂಬುವುದರೊಳಗಾಗಿ ಸ್ತನದ ಏಡಿಗಂತಿ ಬರುವ ಸಂಭವ ಬಿಆರ್‌ಸಿಎ-೧ ಇದ್ದವರಲ್ಲಿ ನೂರಕ್ಕೆ ೭೨, ಬಿಆರ್‌ಸಿಎ-೨ ಇದ್ದವರಲ್ಲಿ ನೂರಕ್ಕೆ ೬೯. ಅಂಥವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ೨೫ನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಎಂಆರ್‌ಐ ಚಿತ್ರವನ್ನೂ, ೩೦ರಿಂದ ಅದರೊಡನೆ ಮ್ಯಾಮೊಗ್ರಾಮ್ ಎಂಬ ಕ್ಷಕಿರಣ ಚಿತ್ರವನ್ನೂ ತೆಗೆಸುತ್ತ ರೋಗ ಬಂದೊಡನೆ ಹಿಡಿಯುವುದು ಒಂದು. ಸ್ತನಗಳನ್ನೇ ತೆಗೆಸುವುದು ಇನ್ನೊಂದು. ಚಲನಚಿತ್ರ ನಟಿ ಏಂಜಲೀನಾ ಜೋಲಿ ೩೭ನೆಯ ವಯಸ್ಸಿನಲ್ಲಿ ಎರಡನೆಯ ದಾರಿಯನ್ನು ಹಿಡಿದು, ೨೦೧೩ರ ಮೇ ತಿಂಗಳಿನಲ್ಲಿ ಅದನ್ನು ಪತ್ರಿಕೆಯಲ್ಲಿ ಬರೆದ ಮೇಲೆ ಈ ವಿಷಯ ಜಗತ್ತಿಗೆಲ್ಲ ಪರಿಚಯವಾಯಿತು. ಆಕೆಯ ವೈದ್ಯರು ಅಪಾಯವನ್ನು ನೂರಕ್ಕೆ ೮೭ ಎಂದು ಅಂದಾಜು ಮಾಡಿದ್ದರು. ಶಸ್ತ್ರಕ್ರಿಯೆಯ ಬಳಿಕ ಅದು ೫ಕ್ಕಿಂತ ಕೆಳಗಿಳಿಯಿತೆಂದು ಆಕೆ ಬರೆದರು. ಸೊನ್ನೆಯಾಯಿತೆಂದು ಬರೆಯಲಿಲ್ಲ. ನಮ್ಮ ಲೇಖನದ ಗಂಟು ಇರುವುದು ಇಲ್ಲಿಯೇ.

ಏಕೆ ಸೊನ್ನೆಯಾಗುವುದಿಲ್ಲ? ಮಾವಿನ ಹಣ್ಣಿನಲ್ಲಿ ಓಟೆ ಬೇರೆ, ತಿರುಳು ಬೇರೆ. ಓಟೆಯನ್ನು ತೆಗೆದರೆ ಅದರ ಚೂರೂ ತಿರುಳಿನಲ್ಲಿ ಉಳಿಯುವುದಿಲ್ಲ. ಸ್ತನದ ಹಾಲುಗ್ರಂಥಿ ಹಾಗೆ ಒಂದು ಚೀಲದೊಳಗೆ ಕಟ್ಟಿಟ್ಟ ವಸ್ತುವಲ್ಲ. ಹೊರಗೆ ಉಬ್ಬಾಗಿ ಕಾಣುವ ಭಾಗ ಅದರ ಎದ್ದುಕಾಣುವ ಅಂಶ ಮಾತ್ರ. ಅದರ ಅಂಚುಗಳು ಮೇಲಕ್ಕೆ ಕೊರಳೆಲುಬಿನ ಹತ್ತಿರದವರೆಗೆ, ಕೆಳಕ್ಕೆ ಪಕ್ಕೆಲುಬುಗಳ ಇಳಿಜಾರಿನವರೆಗೆ, ನಡುವೆ ಎದೆಯೆಲುಬಿನವರೆಗೆ ತೆಳುವಾಗಿ ಹರಡಿಕೊಂಡಿರುತ್ತವೆ. ಒಂದು ಬಾಲ ಕಂಕುಳಿನೊಳಕ್ಕೆ ಚಾಚಿಕೊಂಡಿದೆ. ಬಾಣಂತಿಯರಲ್ಲಿ ಕೆಲವರಿಗೆ ಹಾಲು ಕಟ್ಟಿದಾಗ ಕಂಕುಳಲ್ಲಿಯೂ ಗಡ್ಡೆಯಂತೆ ಊತ ಬರುವುದನ್ನು ಮನೆಯ ಹಿರಿಯರು ಬಲ್ಲರು. ಹಾಲುಗ್ರಂಥಿಯ ಅಂಶ ಅಲ್ಲಿಯೂ ಇರುವುದುಂಟೆಂಬುದಕ್ಕೆ ಅದೇ ಸಾಕ್ಷಿ. ಇದಲ್ಲದೆ ಗ್ರಂಥಿಯನ್ನು ಚರ್ಮಕ್ಕೆ ಬಿಗಿದು ಹಿಡಿದಿರುವ ಸಣ್ಣ ತಂತುಗಳ ಜೊತೆಯಲ್ಲಿ ಗ್ರಂಥಿಯ ಕಣಗಳು ಚರ್ಮದ ಕೆಳಗಿನ ಕೊಬ್ಬಿನೊಳಗೂ ಸೇರಿಕೊಂಡಿರುತ್ತವೆ. ಇವೆರಡರ ನಡುವೆ ಕಣ್ಣಿಗೆ ಕಾಣುವ ಗಡಿಯಿಲ್ಲ.

ಹೀಗಿರುವಲ್ಲಿ ಶಸ್ತ್ರವೈದ್ಯನು ಇಕ್ಕಟ್ಟಿಗೆ ಸಿಲುಕುತ್ತಾನೆ. ಚರ್ಮದ ಕೆಳಗೆ ಕೊಬ್ಬಿನ ಪದರವನ್ನು ದಪ್ಪವಾಗಿ ಬಿಟ್ಟರೆ ಅದರಲ್ಲಿ ಗ್ರಂಥಿಯ ಅಂಶ ಉಳಿಯುತ್ತದೆ. ತೀರ ತೆಳುವಾಗಿ ಕೆರೆದರೆ ಚರ್ಮಕ್ಕೆ ರಕ್ತ ಸಾಲದೆ ಅದು ಸತ್ತುಹೋಗುತ್ತದೆ. ಮುಂದೆ ಹೊಸದಾಗಿ ಸ್ತನದ ಆಕಾರವನ್ನು ಕಟ್ಟುವ ಉದ್ದೇಶವಿದ್ದರೆ ಚರ್ಮವನ್ನು, ಕೆಲವೊಮ್ಮೆ ಮೊಲೆತೊಟ್ಟನ್ನು ಸಹ, ಉಳಿಸಿಕೊಳ್ಳುವುದುಂಟು. ತೊಟ್ಟಿನ ಹಿಂದೆ ಹಾಲಿನ ನಾಳಗಳ ಕೊನೆಗಳಿವೆಯೆಂಬುದು ಯಾರಿಗಾದರೂ ಹೊಳೆಯುವ ಮಾತೇ. ಹೊಲದಿಂದ ಗರಿಕೆಯನ್ನು ಕಿತ್ತ ರೈತನು ಬೇರಿನ ಚೂರೊಂದೂ ಉಳಿದಿಲ್ಲವೆಂದು ಆಣೆಯಿಟ್ಟು ಹೇಳಲಾರನು. ಈ ಮಾತೂ ಹಾಗೆಯೇ.

ಆದರೆ ಉಳಿಯುವುದು ಅತ್ಯಲ್ಪ. ಎರಡನೆಯ ಪೆಟ್ಟು ಬೀಳಬಹುದಾದ ಕೋಶಗಳ ಸಂಖ್ಯೆಯೇ ಇಳಿದುಹೋದುದರಿಂದ ಅಪಾಯವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಲೆಕ್ಕ ಇಷ್ಟು ನೇರವಾಗಿಲ್ಲದಿದ್ದರೂ ದಿಕ್ಕು ಇದೇ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ೧೯೬೦ರಿಂದ ೧೯೯೩ರವರೆಗೆ ಹೀಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡ, ಮನೆತನದಲ್ಲಿ ರೋಗವಿದ್ದ ೬೩೯ ಮಂದಿ ಹೆಂಗಸರ ಮುಂದಿನ ಬಾಳನ್ನು ಹಾರ್ಟ್‌ಮನ್ ಮತ್ತು ಸಂಗಡಿಗರು ವಿಚಾರಿಸಿ ೧೯೯೯ರಲ್ಲಿ ಪ್ರಕಟಿಸಿದರು. ಮಧ್ಯಮ ಅಪಾಯದ ೪೨೫ ಮಂದಿಯಲ್ಲಿ, ಶಸ್ತ್ರಕ್ರಿಯೆ ಇಲ್ಲದಿದ್ದರೆ ಸುಮಾರು ೩೭ ಮಂದಿಗೆ ರೋಗ ಬರಬೇಕಾಗಿದ್ದಿತು. ಬಂದುದು ೪ ಮಂದಿಗೆ. ಹೆಚ್ಚಿನ ಅಪಾಯದ ೨೧೪ ಮಂದಿಯಲ್ಲಿ ಬಂದುದು ೩ ಮಂದಿಗೆ. ಒಟ್ಟಿನಲ್ಲಿ ಅಪಾಯ ನೂರಕ್ಕೆ ೯೦ರಷ್ಟು ತಗ್ಗಿದ್ದಿತು. ೨೦೦೧ರಲ್ಲಿ ನೆದರ್‌ಲೆಂಡಿನ ರೋಟರ್‌ಡ್ಯಾಮಿನಿಂದ ಬಂದ ವರದಿಯಲ್ಲಿ, ಬಿಆರ್‌ಸಿಎ ದೋಷವಿದ್ದ ೧೩೯ ಮಂದಿಯಲ್ಲಿ ೭೬ ಮಂದಿ ಶಸ್ತ್ರಕ್ರಿಯೆಯನ್ನೂ ೬೩ ಮಂದಿ ಕಾವಲನ್ನೂ ಆಯ್ದುಕೊಂಡಿದ್ದರು. ಸುಮಾರು ಮೂರು ವರ್ಷಗಳಲ್ಲಿ ಕಾವಲಿನವರಲ್ಲಿ ೮ ಮಂದಿಗೆ ರೋಗ ಬಂದಿತು. ಶಸ್ತ್ರಕ್ರಿಯೆಯವರಲ್ಲಿ ಒಬ್ಬರಿಗೂ ಇಲ್ಲ.

ಮೇಯೋ ಕ್ಲಿನಿಕ್ಕಿನ ಆ ಏಳು ಮಂದಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಏಳು ಮಂದಿಗೂ ತೊಟ್ಟನ್ನು ಉಳಿಸಿದ ಹಳೆಯ ಬಗೆಯ ಶಸ್ತ್ರಕ್ರಿಯೆಯೇ ಆಗಿದ್ದಿತು. ತೊಟ್ಟನ್ನೂ ತೆಗೆದವರಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ಹಾಗಾದರೆ ಮೊದಲನೆಯ ಬಗೆ ಅಪಾಯಕರವೆಂದು ತೀರ್ಮಾನಿಸಬಹುದೇ? ಅವಸರಪಡಬಾರದು. ಮೊದಲನೆಯ ಬಗೆಯವರು ೫೭೫ ಮಂದಿ. ಎರಡನೆಯ ಬಗೆಯವರು ೬೪ ಮಂದಿ ಮಾತ್ರ. ೫೭೫ರಲ್ಲಿ ೭ ಎಂಬ ಪ್ರಮಾಣದಲ್ಲಿಯೇ ರೋಗ ಬಂದಿದ್ದರೂ ೬೪ರಲ್ಲಿ ಒಬ್ಬರಿಗಾದರೂ ಬರಬೇಕೆಂಬ ನಿಯಮವಿಲ್ಲ. ಸಂಖ್ಯಾಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು.

ಈಗ ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತು: ತೆಗೆದ ಮೇಲೆಯೂ ಸ್ವಲ್ಪ ಉಳಿದಿರುತ್ತದೆ, ಆದುದರಿಂದ ಕಾವಲು ಬೇಕು. ಹಾಗಿದ್ದರೆ ಮೊದಲಿನಂತೆ ವರ್ಷವರ್ಷವೂ ಮ್ಯಾಮೊಗ್ರಾಮ್, ಎಂಆರ್‌ಐ ಎಲ್ಲವನ್ನೂ ಮಾಡಿಸುತ್ತಿರಬೇಕೆ? ಬೇಡವೆಂಬುದೇ ಈಗಿನ ತಜ್ಞರ ಅಭಿಮತ. ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು. ಹೆಚ್ಚು ಪರೀಕ್ಷೆಯಾದಷ್ಟೂ ಒಳ್ಳೆಯದಲ್ಲವೆ?

ಮ್ಯಾಮೊಗ್ರಾಮಿಗೆ ಅಡ್ಡಿ ತೀರ ಸಾಮಾನ್ಯವಾದುದು. ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ತೆಳುವಾಗಿಸಿ ಅದರ ಮೂಲಕ ಕ್ಷಕಿರಣವನ್ನು ಹಾಯಿಸಬೇಕು. ಚಪ್ಪಟೆಯಾದ ಎದೆಯಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಎಂಆರ್‌ಐಗೆ ಆ ಅಡ್ಡಿಯಿಲ್ಲ. ಅದಕ್ಕಿರುವುದು ಗಣಿತದ ಅಡ್ಡಿ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದು ಪರೀಕ್ಷೆ ಇದೆಯೆಂದು ಇಟ್ಟುಕೊಳ್ಳೋಣ. ರೋಗವಿರುವ ನೂರು ಮಂದಿಯಲ್ಲಿ ೯೦ ಮಂದಿಯನ್ನು ಅದು ಸರಿಯಾಗಿ ಗುರುತಿಸುತ್ತದೆ. ರೋಗವಿಲ್ಲದ ನೂರು ಮಂದಿಯಲ್ಲಿ ೯೦ ಮಂದಿಗೆ ಇಲ್ಲವೆಂದೇ ಹೇಳಿ, ೧೦ ಮಂದಿಗೆ ಸುಳ್ಳಾಗಿ ಗಾಬರಿಯ ಗಂಟೆ ಬಾರಿಸುತ್ತದೆ. (ಈ ಸಂಖ್ಯೆಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಆಯ್ದವು.) ಶಸ್ತ್ರಕ್ರಿಯೆಯಾಗದ, ದೋಷವುಳ್ಳ ೧೦,೦೦೦ ಹೆಂಗಸರನ್ನು ಪರೀಕ್ಷಿಸಿದಾಗ ಅವರಲ್ಲಿ ೩೦೦ ಮಂದಿಗೆ ರೋಗವಿದೆಯೆನ್ನೋಣ. ಪರೀಕ್ಷೆ ೨೭೦ ಮಂದಿಯನ್ನು ಹಿಡಿಯುತ್ತದೆ. ಉಳಿದ ೯,೭೦೦ ಮಂದಿಯಲ್ಲಿ ೯೭೦ ಮಂದಿಗೆ ಸುಳ್ಳು ಗಂಟೆ. ಒಟ್ಟು ೧,೨೪೦ ಗಂಟೆಗಳಲ್ಲಿ ೨೭೦ ನಿಜ, ಎಂದರೆ ಸುಮಾರು ಐದರಲ್ಲಿ ಒಂದು. ಇದು ಸಹಿಸಿಕೊಳ್ಳಬಹುದಾದ ಬೆಲೆ.

ಈಗ ಶಸ್ತ್ರಕ್ರಿಯೆಯಾದ ೧೦,೦೦೦ ಮಂದಿಯನ್ನು ಅದೇ ಪರೀಕ್ಷೆಗೆ ಒಳಪಡಿಸೋಣ. ಇವರಲ್ಲಿ ರೋಗವಿರುವವರು ೨೦ ಮಂದಿ ಎನ್ನೋಣ. ಪರೀಕ್ಷೆ ೧೮ ಮಂದಿಯನ್ನು ಹಿಡಿಯುತ್ತದೆ. ಉಳಿದ ೯,೯೮೦ ಮಂದಿಯಲ್ಲಿ ೯೯೮ ಮಂದಿಗೆ ಸುಳ್ಳು ಗಂಟೆ. ೧,೦೧೬ ಗಂಟೆಗಳಲ್ಲಿ ನಿಜವಾದುವು ೧೮; ಐವತ್ತಕ್ಕೆ ಒಂದೂ ಇಲ್ಲ! ಯಂತ್ರ ಅದೇ, ವೈದ್ಯರು ಅವರೇ. ಆದರೂ ಫಲ ಹೀಗೇಕೆ ಕೆಟ್ಟಿತು? ಹುಡುಕುವ ವಸ್ತು ವಿರಳವಾದಷ್ಟೂ ಹುಡುಕಾಟದಲ್ಲಿ ತಪ್ಪು ಸಿಕ್ಕುವುದು ಹೆಚ್ಚುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್ ಹೇಳಿದ ಸಂಭವದ ಸೂತ್ರದ ಸಾರವಿದು. ಸುಳ್ಳು ಗಂಟೆಯೆಂದರೆ ಬರಿಯ ಶಬ್ದವೂ ಅಲ್ಲ. ಅಗರದಿಂದ ಮೈಸೂರಿಗೋ ಬೆಂಗಳೂರಿಗೋ ಮತ್ತೆ ಪ್ರಯಾಣ, ಖರ್ಚು, ಸೂಜಿ ಹಾಕಿ ಮಾಂಸದ ಚೂರು ತೆಗೆಯುವ ಪರೀಕ್ಷೆ, ಫಲಿತಾಂಶ ಬರುವವರೆಗೆ ನಿದ್ರೆಯಿಲ್ಲದ ರಾತ್ರಿಗಳು. ಒಮ್ಮೆ ಭಯವನ್ನು ಕಳೆದುಕೊಳ್ಳಲೆಂದೇ ಅಂಗವನ್ನು ತೆತ್ತವಳಿಗೆ ಆ ಭಯವನ್ನು ವರ್ಷಕ್ಕೊಮ್ಮೆ ಮರಳಿ ಕೊಡುವುದು ಯಾವ ನ್ಯಾಯ?

ಹಾಗಾದರೆ ಕಾವಲು ಯಾವುದು? ಕೈ. ಇಷ್ಟೆಲ್ಲ ಯಂತ್ರಗಳ ಕಾಲದಲ್ಲಿ ಇದು ಹಳೆಯ ಮಾತಾಗಿ ತೋರಬಹುದಾದರೂ ಕಾರಣ ಯುಕ್ತವಾದುದೇ. ಶಸ್ತ್ರಕ್ರಿಯೆಯ ಬಳಿಕ ಉಳಿದಿರುವ ಗ್ರಂಥಿಯ ಅಂಶ ಬಹುಮಟ್ಟಿಗೆ ಚರ್ಮದ ಕೆಳಗೇ ಇರುತ್ತದೆ. ಅಲ್ಲಿ ಗಂತಿ ಹುಟ್ಟಿದರೆ ಆಳದಲ್ಲಿ ಅಡಗಿ ಕುಳಿತುಕೊಳ್ಳಲು ಅದಕ್ಕೆ ಸ್ಥಳವಿಲ್ಲ, ಬೆರಳಿಗೆ ಸಿಕ್ಕುತ್ತದೆ. ಆದುದರಿಂದ ವರ್ಷಕ್ಕೊಮ್ಮೆ, ಕೆಲವರ ಅಭಿಪ್ರಾಯದಂತೆ ಆರು ತಿಂಗಳಿಗೊಮ್ಮೆ, ಅನುಭವವುಳ್ಳ ವೈದ್ಯರು ಕೊರಳೆಲುಬಿನಿಂದ ಪಕ್ಕೆಲುಬಿನವರೆಗೆ, ಎದೆಯೆಲುಬಿನಿಂದ ಕಂಕುಳಿನೊಳಗಿನವರೆಗೆ, ಗಾಯದ ಗೆರೆಯುದ್ದಕ್ಕೂ, ಬೆರಳುಗಳ ಚಪ್ಪಟೆ ಭಾಗದಿಂದ ಒತ್ತಿ ನೋಡುವುದೇ ಮುಖ್ಯ ಪರೀಕ್ಷೆ. ತೊಟ್ಟು ಉಳಿದಿದ್ದರೆ ಅದರ ಹಿಂಭಾಗವನ್ನು ವಿಶೇಷವಾಗಿ ನೋಡಬೇಕು.

ಕೈಯ ಪರೀಕ್ಷೆಗೆ ಬೆಲೆಯುಂಟೆಂಬುದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ಪ್ರಯೋಗವೊಂದು ನಡೆಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ೧,೫೧,೫೩೮ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಸ್ತನಪರೀಕ್ಷೆ ಮಾಡಿಸಿದರು. ಈ ಕಾರ್ಯಕರ್ತೆಯರು ವೈದ್ಯರಲ್ಲ. ೨೦೨೧ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಯಾದ ಗುಂಪಿನಲ್ಲಿ ರೋಗವು ಮೊದಲ ಹಂತಗಳಲ್ಲಿಯೇ ಹೆಚ್ಚಾಗಿ ಸಿಕ್ಕಿತು. ೫೦ ವರ್ಷ ದಾಟಿದವರಲ್ಲಿ ಸ್ತನದ ಏಡಿಗಂತಿಯ ಸಾವು ನೂರಕ್ಕೆ ಸುಮಾರು ೩೦ರಷ್ಟು ಕಡಮೆಯಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಈ ಪ್ರಯೋಗ ಶಸ್ತ್ರಕ್ರಿಯೆಯಾಗದ ಸಾಮಾನ್ಯ ಹೆಂಗಸರನ್ನು ಕುರಿತದ್ದು. ಆದರೂ ಕಲಿತ ಬೆರಳು ಏನು ಮಾಡಬಲ್ಲುದೆಂಬುದು ಇದರಿಂದ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ತಾವೇ ತಮ್ಮನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಳ್ಳುವ ವ್ರತದ ವಿಷಯ ಬೇರೆ. ಚೀನಾದ ಷಾಂಘಾಯಿಯಲ್ಲಿ ೨,೬೬,೦೬೪ ಹೆಂಗಸರಲ್ಲಿ ಮಾಡಿದ ಪ್ರಯೋಗದಲ್ಲಿ ಅದರಿಂದ ಸಾವು ತಗ್ಗಲಿಲ್ಲವೆಂದು ೨೦೦೨ರಲ್ಲಿ ತಿಳಿದುಬಂದಿತು. ತನ್ನ ಎದೆ ಎಂದಿನಂತೆ ಹೇಗಿದೆಯೆಂಬ ಅರಿವು ಇದ್ದು, ಹೊಸದೇನಾದರೂ ಕಂಡರೆ ಹೋಗಿ ತೋರಿಸುವುದಷ್ಟೇ ಸಾಕು.

ಕೈಗೆ ಸಿಕ್ಕಿದ ಗಂಟೆಲ್ಲ ಏಡಿಗಂತಿಯಲ್ಲ. ಕೊಬ್ಬಿನ ಚೂರಿಗೆ ರಕ್ತ ಸಾಲದೆ ಅದು ಸತ್ತು ಕಲ್ಲಿನಂತಾಗುವುದು ಈ ಶಸ್ತ್ರಕ್ರಿಯೆಯ ಬಳಿಕ ಸಾಮಾನ್ಯ. ಅನುಭವಿಗಳ ಬೆರಳನ್ನೂ ಅದು ಮೋಸಗೊಳಿಸುತ್ತದೆ. ಹೊಲಿಗೆಯ ದಾರದ ಸುತ್ತ ಗಂಟು ಕಟ್ಟಬಹುದು. ಇಂಥಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ, ಅನುಮಾನ ಉಳಿದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಗತ್ಯವೇ. ನಾವು ಬೇಡವೆಂದುದು ಏನೂ ಲಕ್ಷಣವಿಲ್ಲದಾಗ ವಾಡಿಕೆಯಾಗಿ ಚಿತ್ರ ತೆಗೆಸುವುದನ್ನು. ಲಕ್ಷಣ ಕಂಡಾಗ ಚಿತ್ರವೇ ಬೇಡವೆಂದಲ್ಲ.

ಕೆಲವರ ಲೆಕ್ಕ ಬೇರೆ. ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಯಾರಿಗೂ ತಿಳಿಯದ ಸಣ್ಣ ಗಂತಿಯೊಂದು ಅದರೊಳಗೆ ಸಿಕ್ಕುವುದುಂಟು. ಆಗ ಆಕೆ ಮುಂಜಾಗ್ರತೆಯವಳಲ್ಲ, ರೋಗಿಯೇ. ಚಿಕಿತ್ಸೆಯೂ ಕಾವಲೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಆದುದರಿಂದ ಆ ವರದಿಯ ಕಾಗದವನ್ನು ಜಮೀನಿನ ಪತ್ರದಂತೆ ಜೋಪಾನವಾಗಿ ಪೆಟ್ಟಿಗೆಯಲ್ಲಿಡಬೇಕು. ಅಕ್ಕನಂತೆ ಒಂದು ಸ್ತನಕ್ಕೆ ರೋಗ ಬಂದು ಅದನ್ನು ಮಾತ್ರ ತೆಗೆಸಿದವರಲ್ಲಿ ಇನ್ನೊಂದು ಸ್ತನಕ್ಕೆ ವಾರ್ಷಿಕ ಚಿತ್ರದ ಕಾವಲು ಮೊದಲಿನಂತೆಯೇ ನಡೆಯಬೇಕು.

ಸಿಲಿಕೋನ್ ಚೀಲವನ್ನಿಟ್ಟು ಹೊಸ ಆಕಾರ ಕಟ್ಟಿಸಿಕೊಂಡವರಿಗೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೨೦ರಲ್ಲಿ ಸೂಚಿಸಿತು: ಮೊದಲನೆಯದು ೫-೬ ವರ್ಷಗಳಾದ ಮೇಲೆ, ಅನಂತರ ೨-೩ ವರ್ಷಕ್ಕೊಮ್ಮೆ. ಇದು ಏಡಿಗಂತಿಯನ್ನು ಹುಡುಕುವುದಕ್ಕಲ್ಲ. ಚೀಲವು ಸದ್ದಿಲ್ಲದೆ ಒಡೆದಿದೆಯೇ ಎಂದು ನೋಡುವುದಕ್ಕೆ. ಎರಡನ್ನೂ ಒಂದೇ ಎಂದು ಭಾವಿಸಿ ಗೊಂದಲಪಡುವವರು 'ಪರೀಕ್ಷೆ ಬೇಡವೆಂದಿರಿ, ಈಗ ಬೇಕೆನ್ನುತ್ತೀರಿ' ಎಂದು ಬೇಸರಪಡುತ್ತಾರೆ. ಒರಟು ಮೈಯ ಚೀಲಗಳ ಸುತ್ತ, ವರ್ಷಗಳು ಕಳೆದ ಮೇಲೆ, ಅಪರೂಪವಾಗಿ ಒಂದು ಬಗೆಯ ದುಗ್ಧಗ್ರಂಥಿಯ ಏಡಿಗಂತಿ ಹುಟ್ಟುವುದು ಕಂಡುಬಂದುದರಿಂದ ೨೦೧೯ರಲ್ಲಿ ಅಲರ್ಗಾನ್ ಕಂಪೆನಿಯ ಅಂಥ ಚೀಲಗಳನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಬಹುಕಾಲದ ಮೇಲೆ ಒಂದು ಕಡೆ ನೀರು ತುಂಬಿದಂತೆ ಊದಿಕೊಂಡರೆ ತಡಮಾಡದೆ ತೋರಿಸಬೇಕು.

ಇನ್ನೊಂದು ಸಂಗತಿಯನ್ನು ವೈದ್ಯರೂ ಕೆಲವೊಮ್ಮೆ ಹೇಳಲು ಮರೆಯುತ್ತಾರೆ. ಸ್ತನವನ್ನು ತೆಗೆಯುವಾಗ ಚರ್ಮಕ್ಕೆ ಬರುವ ನರಗಳು ಕಡಿಯುವುದರಿಂದ ಎದೆಯ ಮೇಲ್ಭಾಗ ಜೋಮು ಹಿಡಿದಂತೆ ಸ್ಪರ್ಶವಿಲ್ಲದಾಗುತ್ತದೆ. ಬಿಸಿನೀರಿನ ಚೀಲ, ಒಲೆಯ ಝಳ, ಸುಡುವ ಸ್ನಾನದ ನೀರು, ಯಾವುದೂ ಅಲ್ಲಿ ತಿಳಿಯುವುದಿಲ್ಲ. ಬೊಬ್ಬೆ ಬಂದ ಮೇಲೆಯೇ ಗೊತ್ತಾಗುವುದು. ಸ್ಪರ್ಶವಿಲ್ಲದ ಚರ್ಮವನ್ನು ಕಣ್ಣಿನಿಂದ ಕಾಯಬೇಕೆಂಬ ಪಾಠವನ್ನು ಯಳಂದೂರು ತಾಲ್ಲೂಕಿನ ಕುಷ್ಠರೋಗದ ಕಾರ್ಯಕರ್ತರು ಎಂದೋ ಕಲಿತು ಕಲಿಸಿದವರು.

ಇಷ್ಟಾದರೂ ಅಪಾಯವೊಂದು ಬಾಕಿ ಉಳಿದಿದೆ, ಅದೂ ಬೇರೆ ಕಡೆ. ಬಿಆರ್‌ಸಿಎ ದೋಷ ದೇಹದ ಪ್ರತಿಯೊಂದು ಕೋಶದಲ್ಲಿಯೂ ಇರುವುದು. ಅಂಡಾಶಯ ಮತ್ತು ಅಂಡನಾಳಗಳಲ್ಲಿ ಏಡಿಗಂತಿ ಬರುವ ಸಂಭವ, ಹಿಂದೆ ಹೇಳಿದ ೨೦೧೭ರ ಅಧ್ಯಯನದಂತೆಯೇ, ೮೦ ವರ್ಷದೊಳಗೆ ಬಿಆರ್‌ಸಿಎ-೧ ಇದ್ದವರಲ್ಲಿ ನೂರಕ್ಕೆ ೪೪, ಬಿಆರ್‌ಸಿಎ-೨ ಇದ್ದವರಲ್ಲಿ ನೂರಕ್ಕೆ ೧೭. ಸ್ತನವನ್ನು ತೆಗೆಸಿದುದರಿಂದ ಇದು ಸ್ವಲ್ಪವೂ ತಗ್ಗುವುದಿಲ್ಲ. ಬೇಗ ಕಂಡುಹಿಡಿದು ಪ್ರಾಣವುಳಿಸುವಂಥ ಪರೀಕ್ಷೆಯೂ ಅಂಡಾಶಯಕ್ಕೆ ಇನ್ನೂ ದೊರೆತಿಲ್ಲ. ಆದುದರಿಂದ ಮಕ್ಕಳಾದ ಬಳಿಕ, ಬಿಆರ್‌ಸಿಎ-೧ ಇದ್ದವರು ೩೫ರಿಂದ ೪೦ ವರ್ಷದೊಳಗೆ, ಬಿಆರ್‌ಸಿಎ-೨ ಇದ್ದವರು ೪೦ರಿಂದ ೪೫ರೊಳಗೆ, ಅವನ್ನು ತೆಗೆಸುವುದು ಮೇಲೆಂದು ತಜ್ಞರು ಸಲಹೆ ಮಾಡುತ್ತಾರೆ. ಜೋಲಿಯೂ ೨೦೧೫ರಲ್ಲಿ ಹಾಗೆಯೇ ಮಾಡಿದರು. ನಮ್ಮ ಅಗರದವಳು ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗುವಾಗ ಎದೆಯ ಪರೀಕ್ಷೆಗಿಂತಲೂ ಮುಖ್ಯವಾಗಿ ಚರ್ಚಿಸಬೇಕಾದುದು ಈ ವಿಷಯವನ್ನೇ ಇರಬಹುದು.

ಆಕೆಗೆ ತಂಗಿಯೊಬ್ಬಳಿದ್ದಾಳೆನ್ನೋಣ. ಅಕ್ಕಂದಿರಲ್ಲಿ ಕಂಡ ಅದೇ ದೋಷ ತನ್ನಲ್ಲಿಯೂ ಇದೆಯೇ ಎಂದು ಆಕೆ ಪರೀಕ್ಷಿಸಿಕೊಂಡು, ಇಲ್ಲವೆಂದು ತಿಳಿದರೆ, ಆಕೆಗೆ ಶಸ್ತ್ರಕ್ರಿಯೆಯೂ ಬೇಡ, ವಿಶೇಷ ಕಾವಲೂ ಬೇಡ. ೩೦ ವರ್ಷ ದಾಟಿದ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ಸ್ತನಪರೀಕ್ಷೆಯಾಗಬೇಕೆಂದು ಭಾರತ ಸರ್ಕಾರ ೨೦೧೬ರಲ್ಲಿ ಗೊತ್ತುಮಾಡಿದ ಸಾಮಾನ್ಯ ಪರೀಕ್ಷೆಯೇ ಆಕೆಗೂ ಸಲ್ಲುತ್ತದೆ. ಶಸ್ತ್ರಕ್ರಿಯೆಯಾದವಳ ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿಯಾದರೆ ಈಗಲೇ ಆಕೆಯ ರಕ್ತವನ್ನು ಪರೀಕ್ಷಿಸುವುದಿಲ್ಲ. ಆ ವಯಸ್ಸಿನಲ್ಲಿ ಈ ರೋಗ ಬರುವುದಿಲ್ಲ, ತಿಳಿದು ಮಾಡುವುದೂ ಏನೂ ಇಲ್ಲ. ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ವಯಸ್ಸಿಗೆ ಬಂದ ಮೇಲೆ ಆಕೆಯೇ ನಿರ್ಧರಿಸಬೇಕಾಗುತ್ತದೆ.